ಜ್ವರ ಕಟ್ಟಿದ ಊರು: ಉದಕಮಂಡಲಕ್ಕೊಂದು ಪ್ರವಾಸ

ಮಳೆ ನಿಂತ ಮರುದಿನ ಬೆಳಿಗ್ಗೆ ಮೌಂಟನ್ ವ್ಯೂನಿಂದ ಸ್ಟ್ಯಾನ್‌ಫರ್ಡ್ ಕಡೆಗೆ ಹೋಗುವಾಗ ಕಾರಿನ ಗಾಜು ಸ್ವಲ್ಪ ಇಳಿಸಿದರೆ ಸಾಕು, ಒಂದು ಪರಿಚಯದ ವಾಸನೆ ಒಳಗೆ ನುಗ್ಗುತ್ತದೆ. ನಮ್ಮ ಪಾಲಿಗೆ ಅದು ನೆಗಡಿಯ ವಾಸನೆ. ಚಿಕ್ಕಂದಿನಲ್ಲಿ ಮೂಗು ಕಟ್ಟಿದರೆ ಅಮ್ಮ ಕರವಸ್ತ್ರಕ್ಕೆ ಎರಡು ತೊಟ್ಟು ನೀಲಗಿರಿ ಎಣ್ಣೆ ಹಾಕಿ ಮೂಗಿಗೆ ಹಿಡಿಯುತ್ತಿದ್ದರು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಗಳು ಆ ಮರವನ್ನು ಯೂಕಲಿಪ್ಟಸ್ ಎನ್ನುತ್ತಾಳೆ. ನಾವು ನೀಲಗಿರಿ ಮರ ಎನ್ನುತ್ತೇವೆ. ಒಮ್ಮೆ ಅವಳು, "ನೀಲಗಿರಿ ಅಂದರೆ ಬೆಟ್ಟ ತಾನೆ, ಮರಕ್ಕೆ ಯಾಕೆ ಬೆಟ್ಟದ ಹೆಸರು?" ಎಂದು ಕೇಳಿದಳು. ಇಷ್ಟು ವರ್ಷ ಆ ಪ್ರಶ್ನೆ ನಮಗೆ ಹೊಳೆದೇ ಇರಲಿಲ್ಲ.

ಉತ್ತರ ಹುಡುಕಿದಾಗ ತಿಳಿದದ್ದು ಇಷ್ಟು. ಮರ ನೀಲಗಿರಿಯದೂ ಅಲ್ಲ, ಕ್ಯಾಲಿಫೋರ್ನಿಯಾದ್ದೂ ಅಲ್ಲ. ಅದರ ತವರು ಆಸ್ಟ್ರೇಲಿಯಾ. ನೀಲಗಿರಿ ಬೆಟ್ಟಕ್ಕೆ ಅದು 1840ರ ದಶಕದಲ್ಲಿ ಬಂತು, ಕ್ಯಾಲಿಫೋರ್ನಿಯಾಕ್ಕೆ ಚಿನ್ನದ ಗಣಿಗಳ ಗಲಾಟೆಯ ಕಾಲದಲ್ಲಿ, ಅಂದರೆ 1850ರ ದಶಕದಲ್ಲಿ. ಒಂದೇ ತವರಿನ ಸೊಸೆ ಎರಡು ಊರಿಗೆ ಬಂದ ಹಾಗೆ. ನಮ್ಮವರು ಅದನ್ನು ಮೊದಲು ಕಂಡದ್ದು ನೀಲಗಿರಿಯಲ್ಲಿ, ಹಾಗಾಗಿ ಬೆಟ್ಟದ ಹೆಸರೇ ಮರಕ್ಕೂ ಎಣ್ಣೆಗೂ ಅಂಟಿಕೊಂಡಿತು.

ನಮ್ಮ ಕೂಟದ ಸ್ನೇಹಿತರಲ್ಲಿ ಅನೇಕರು ರಜೆಯಲ್ಲಿ ಶಿಮ್ಲಾ, ಮಸ್ಸೂರಿ, ಡಾರ್ಜಿಲಿಂಗ್ ನೋಡಿ ಬಂದಿದ್ದಾರೆ. ಅವರು ತೋರಿಸುವ ಫೋಟೋಗಳಲ್ಲಿ ಹಿಮಾಲಯದ ಹಿನ್ನೆಲೆ, ಇಂಗ್ಲಿಷರ ಚರ್ಚು, ಮಾಲ್ ರಸ್ತೆ ಎಲ್ಲ ಸೊಗಸಾಗಿರುತ್ತದೆ. ಆದರೆ ಅಂಥದೇ ಊರೊಂದು ಮೈಸೂರಿನಿಂದ ಅರ್ಧ ದಿನದ ದಾರಿಯಲ್ಲಿದ್ದು, ವಯಸ್ಸಿನಲ್ಲಿ ಅವಕ್ಕೇನೂ ಕಡಿಮೆಯಿಲ್ಲ. ಶಿಮ್ಲಾದಲ್ಲಿ ಕೆನಡಿ ಎಂಬ ಅಧಿಕಾರಿ ಮೊದಲ ಪಕ್ಕಾ ಮನೆ ಕಟ್ಟಿದ್ದು 1822ರಲ್ಲಿ. ಅದೇ ವರ್ಷ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಊಟಿಯಲ್ಲಿ ತನ್ನ ಸ್ಟೋನ್ ಹೌಸ್ ಶುರುಮಾಡಿದ. ಡಾರ್ಜಿಲಿಂಗ್ ಅವರ ಕೈಗೆ ಬಂದದ್ದು 1835ರಲ್ಲಿ. ಮೈಸೂರಿನಲ್ಲಿ ಎಂಬಿಬಿಎಸ್ ಓದುತ್ತಿದ್ದಾಗ ನಾವು ಊಟಿಗೆ ಹೋಗಿದ್ದುಂಟು, ಆದರೆ ಆಗ ನೋಡಿದ್ದು ದೋಣಿ, ಕುದುರೆ, ಮತ್ತು ಸಿನಿಮಾ ಶೂಟಿಂಗ್. 2024ರ ಡಿಸೆಂಬರಿನಲ್ಲಿ ಊರಿಗೆ ಹೋದಾಗ, ಈ ಸಲ ಕಣ್ಣು ಬಿಟ್ಟು ನೋಡೋಣ ಎಂದು ಅಮ್ಮನನ್ನೂ ಮಗಳನ್ನೂ ಕರೆದುಕೊಂಡು ಹೊರಟೆವು. ಅಮ್ಮನಿಗೆ ಎಂಬತ್ತೆರಡು. "ಚಳಿ ಇರ್ತದೆ, ಬೇಡ" ಅಂದರೂ ಕೇಳಲಿಲ್ಲ. ಚೀಲದಲ್ಲಿ ನೀಲಗಿರಿ ಎಣ್ಣೆ ಬಾಟಲಿ ಇಟ್ಟುಕೊಂಡೇ ಕಾರು ಹತ್ತಿದರು.

ಮೈಸೂರು ಬಿಡುವ ಮುಂಚೆ ಶ್ರೀರಂಗಪಟ್ಟಣಕ್ಕೆ ಹೋದೆವು. ಊಟಿಗೂ ಅದಕ್ಕೂ ದಿಕ್ಕೇ ಬೇರೆ, ಡ್ರೈವರ್ ಮುಖ ಸಿಂಡರಿಸಿದ. ಆದರೆ ಊಟಿಯ ಕತೆ ಶುರುವಾಗುವುದು ಅಲ್ಲಿಂದಲೇ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಕೊಯಮತ್ತೂರು ಸೀಮೆಯೂ ಅದರ ತಲೆಯ ಮೇಲಿನ ನೀಲಗಿರಿಯೂ ಕಂಪನಿಗೆ ಹೋದವು. ಗೆದ್ದ ಇಂಗ್ಲಿಷರು ಶ್ರೀರಂಗಪಟ್ಟಣದಲ್ಲೇ ಪಾಳೆಯ ಹೂಡಿದರು. ಮದ್ದುಗುಂಡಿಗೆ ಬಗ್ಗದ ಸಿಪಾಯಿಗಳನ್ನು ಅಲ್ಲಿ ಜ್ವರ ಬಗ್ಗಿಸಿತು. ಕಾವೇರಿಯ ಎರಡು ಕವಲುಗಳ ನಡುವಿನ ಆ ದ್ವೀಪದಲ್ಲಿ ಚಳಿಜ್ವರ ಮನೆಮಾಡಿತ್ತು. ಕೊನೆಗೆ 1809ರಲ್ಲಿ ಸೈನ್ಯವನ್ನು ಬೆಂಗಳೂರಿಗೆ ಎತ್ತಿದರು. ನಮ್ಮ ಬೆಂಗಳೂರು ಕಂಟೋನ್ಮೆಂಟ್ ಹುಟ್ಟಿದ್ದು ಹಾಗೆ. ಜ್ವರ ಇಲ್ಲದಿದ್ದರೆ ಬೆಂಗಳೂರಿನ ಗತಿ ಏನಾಗುತ್ತಿತ್ತೋ! ನಮ್ಮಲ್ಲಿ ಎಷ್ಟು ಜನ ಇಲ್ಲಿಗೆ ಬರುತ್ತಿದ್ದೆವೋ!

ಸೊಳ್ಳೆಗೂ ಜ್ವರಕ್ಕೂ ಸಂಬಂಧವಿದೆಯೆಂದು ಆಗಿನ ವೈದ್ಯರಿಗೆ ಗೊತ್ತಿರಲಿಲ್ಲ. ಜೌಗು ನೆಲದಿಂದ ಏಳುವ ಕೆಟ್ಟ ಗಾಳಿಯೇ ಕಾರಣವೆಂದು ನಂಬಿದ್ದರು. ಮಲೇರಿಯಾ ಎಂಬ ಇಟಲಿಯ ಮಾತಿನ ಅರ್ಥವೇ ಕೆಟ್ಟ ಗಾಳಿ. ಹಾಗಾದರೆ ಮದ್ದೇನು? ಒಳ್ಳೆಯ ಗಾಳಿ ಇರುವ ಕಡೆ ಹತ್ತು! ಇದೇ ಅವರ ಪ್ರಿಸ್ಕ್ರಿಪ್ಷನ್. 1819ರ ಜನವರಿಯಲ್ಲಿ ಸಲಿವನ್ ಬೆಟ್ಟ ಹತ್ತಿದಾಗ ಜೊತೆಗಿದ್ದ ಫ್ರೆಂಚ್ ಸಸ್ಯಶಾಸ್ತ್ರಜ್ಞ ಲೆಷೆನೋ ಖಾಯಿಲೆಯಿಂದ ಬಳಲುತ್ತಿದ್ದು, ಮೇಲಿನ ಹವೆಯಲ್ಲಿ ಚೇತರಿಸಿಕೊಂಡನಂತೆ. ಒಬ್ಬ ರೋಗಿ ಗುಣವಾದರೆ ಸಾಕು, ಊರೆಲ್ಲ ಸುದ್ದಿ. ಇವತ್ತಿಗೂ ಹಾಗೆಯೇ ಎಂದು ನಮ್ಮ ಅನುಭವ.

ಕಾರಣ ತಪ್ಪು, ಮದ್ದು ಮಾತ್ರ ಸರಿಯಾಗಿತ್ತು. ಊಟಿ ಸುಮಾರು 7,300 ಅಡಿ ಎತ್ತರದಲ್ಲಿದೆ. ಹವೆ ಸುಮಾರು 16 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಮಲೇರಿಯಾ ಪರೋಪಜೀವಿ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯಲಾರದು. ಸೊಳ್ಳೆ ಕಚ್ಚಬಹುದು, ಜ್ವರ ಕೊಡಲು ಅದರ ಬಳಿ ಸರಕಿಲ್ಲ. ವೈದ್ಯಶಾಸ್ತ್ರದಲ್ಲಿ ಹೀಗೆ ಕತ್ತಲಲ್ಲಿ ಹೊಡೆದ ಕಲ್ಲು ಗುರಿ ಮುಟ್ಟಿದ್ದು ಎಷ್ಟೋ ಸಲ.

ದರಿಯಾ ದೌಲತ್ ನೋಡಿಕೊಂಡು ಗುಂಡ್ಲುಪೇಟೆ, ಬಂಡೀಪುರ, ತೆಪ್ಪಕಾಡು ದಾಟಿ ಗೂಡಲೂರು ಕಡೆಯಿಂದ ಹತ್ತಿದೆವು. ಮಗಳಿಗೆ ಒಂದು ಆನೆ, ಅಮ್ಮನಿಗೆ ಮೂರು ನವಿಲು ಕಂಡವು. ಈ ಮೈಸೂರು ದಿಕ್ಕಿನಿಂದಲೇ 1834ರಲ್ಲಿ ಮೆಕಾಲೆ ಊಟಿಗೆ ಬಂದ. ಮದ್ರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ಹಾದು, ಜನರ ಹೆಗಲ ಮೇಲೆ ಪಲ್ಲಕ್ಕಿಯಲ್ಲಿ. ಗವರ್ನರ್ ಜನರಲ್ ಬೆಂಟಿಂಕ್ ಆಗ ಊಟಿಯಲ್ಲೇ ಬಿಡಾರ ಹೂಡಿದ್ದ. ಮುಂದಿನ ವರ್ಷ ಮೆಕಾಲೆ ಬರೆದ ಟಿಪ್ಪಣಿಯಿಂದ ನಮ್ಮ ದೇಶಕ್ಕೆ ಇಂಗ್ಲಿಷ್ ವಿದ್ಯೆ ಗಟ್ಟಿಯಾಗಿ ಕಾಲೂರಿತು. ಅವನನ್ನು ಬೈಯುವವರು ಬೈಯಲಿ, ನಾವಂತೂ ಅವನ ಅನ್ನ ತಿಂದವರು.

ಊಟಿಯಲ್ಲಿ ನಾವು ಮುಖ್ಯವಾಗಿ ನೋಡಬೇಕೆಂದಿದ್ದು ಸೇಂಟ್ ಸ್ಟೀಫನ್ ಚರ್ಚು. ಮದ್ರಾಸಿನ ಗವರ್ನರ್ ಲಷಿಂಗ್ಟನ್ 1829ರ ಏಪ್ರಿಲ್ 23ರಂದು, ಅವರ ದೊರೆಯ ಹುಟ್ಟುಹಬ್ಬವನ್ನು ಅಧಿಕೃತವಾಗಿ ಆಚರಿಸುತ್ತಿದ್ದ ದಿನ, ಅದರ ಅಡಿಗಲ್ಲು ಹಾಕಿದ. 1830ರ ನವೆಂಬರಿನಲ್ಲಿ ಪ್ರತಿಷ್ಠೆಯಾಯಿತು. ಹೊರಗಿನಿಂದ ನೋಡಿದರೆ ತಿಳಿಹಳದಿ ಗೋಡೆಯ, ಅಂಥ ದೊಡ್ಡದಲ್ಲದ ಕಟ್ಟಡ. ಒಳಗೆ ಹೋಗಿ ತಲೆಯೆತ್ತಿದರೆ ಮಾತ್ರ ನಮ್ಮೂರು ಕಾಣುತ್ತದೆ. ಆ ಛಾವಣಿಯನ್ನು ಹೊತ್ತಿರುವ ತೇಗದ ತೊಲೆಗಳು ಶ್ರೀರಂಗಪಟ್ಟಣದಿಂದ, ಟಿಪ್ಪುವಿನ ಅರಮನೆಯನ್ನು ಕೆಡವಿ ತಂದವು. ನೂರಿಪ್ಪತ್ತು ಕಿಲೋಮೀಟರ್ ದೂರ, ಅದರಲ್ಲಿ ಕೊನೆಯದು ಕಡಿದಾದ ಬೆಟ್ಟ. ಆ ಕಾಲಕ್ಕೆ ಅಲ್ಲಿ ಲಾರಿಯಿಲ್ಲ, ರೈಲಿಲ್ಲ.

ನಾವು ನಾಲ್ವರೂ ಬೆಂಚಿನ ಮೇಲೆ ಕೂತು ಮೇಲೆ ನೋಡುತ್ತಿದ್ದೆವು. ಹಿಂದಿನ ದಿನ ದರಿಯಾ ದೌಲತ್‌ನ ಮರದ ಕಂಬಗಳನ್ನು ನೋಡಿದ್ದ ಮಗಳು, "ಇದೂ ಅದೇ ಕಾಡಿನ ಮರ ಇರಬಹುದಾ?" ಎಂದಳು. ಅಮ್ಮ ಅದಕ್ಕೆ ಉತ್ತರ ಕೊಡದೆ, "ಇಷ್ಟು ದಪ್ಪದ ತೊಲೆ ಎಳೆದೋರು ಯಾರೋ ಪಾಪ" ಎಂದರು. ನಾವು ಓದಿದ ಪುಸ್ತಕಗಳಲ್ಲಿ ಅಡಿಗಲ್ಲು ಹಾಕಿದವನ ಹೆಸರಿದೆ, ನಕ್ಷೆ ಬರೆದ ಕ್ಯಾಪ್ಟನ್ ಅಂಡರ್‌ವುಡ್‌ನ ಹೆಸರಿದೆ. ಎಳೆದವರದಿಲ್ಲ. ಜ್ವರಕ್ಕೆ ಹೆದರಿ ಒಂದು ಊರು ಬಿಟ್ಟವರು, ಅದೇ ಊರಿನ ತೊಲೆಗಳನ್ನು ಹೊರಿಸಿಕೊಂಡು ಬಂದು ಈ ಊರು ಕಟ್ಟಿದರಲ್ಲ ಎಂದು ನಮಗೆ ಅನ್ನಿಸಿತು.

ಚರ್ಚಿನ ಹಿಂದೆ ಗುಡ್ಡದ ಮೇಲೆ ಸ್ಮಶಾನ. ಸಲಿವನ್ ಹೆಂಡತಿಯೂ ಮಗಳೂ ಅಲ್ಲಿದ್ದಾರೆ. ಇಬ್ಬರೂ ಸತ್ತದ್ದು 1838ರಲ್ಲಿ. ಆರೋಗ್ಯಕ್ಕೆಂದು ಊರು ಕಟ್ಟಿದವನ ಮನೆಯಲ್ಲೇ ಹೀಗಾಯಿತು. ಸಲಿವನ್ ಬಗ್ಗೆ ನಮ್ಮ ಅಭಿಪ್ರಾಯ ಸ್ವಲ್ಪ ಮಿಶ್ರ. ತೋಡರ ಹುಲ್ಲುಗಾವಲನ್ನು ಅವನು ಎಕರೆಗೆ ಒಂದು ರೂಪಾಯಿಯಂತೆ ಕೊಂಡ. ಆದರೆ ಈ ನೆಲ ಬೆಟ್ಟದ ಜನರದು, ಸರ್ಕಾರದ್ದಲ್ಲ ಎಂದು ತನ್ನದೇ ಸರ್ಕಾರದ ಜೊತೆ ಜಗಳವಾಡಿದವನೂ ಅವನೇ. ಜಗಳದಲ್ಲಿ ಗೆಲ್ಲಲಿಲ್ಲ. ತೋಡರ ಎಮ್ಮೆ ಮೇಯುತ್ತಿದ್ದ ಹುಲ್ಲುಗಾವಲಿನ ಮೇಲೆ ಆಮೇಲೆ ಬಂದದ್ದು ನಮ್ಮ ಯೂಕಲಿಪ್ಟಸ್ಸು, ವ್ಯಾಟಲ್ಲು, ಚಹಾ. ಊರಿನ ಹೆಸರಲ್ಲಿ ಉಳಿದಿರುವ ಮಂಡ್ ಎಂಬುದು ತೋಡರ ಹಾಡಿಗೆ ಹೇಳುವ ಮಾತು. ಅದನ್ನು ಇಂಗ್ಲಿಷರು ಊಟಕಮಂಡ್ ಎಂದರು, ಕನ್ನಡದವರು ಉದಕಮಂಡಲ ಎಂದು ಸಂಸ್ಕೃತ ಮಾಡಿಕೊಂಡರು, ತಮಿಳಿನಲ್ಲಿ ಈಗ ಉದಗಮಂಡಲಂ. ಸಲಿವನ್ ಕಟ್ಟಿಸಿದ ಕೆರೆಯೂ ಈಗ ಅರ್ಧಂಬರ್ಧ. ಅದರ ಒಂದು ಭಾಗವನ್ನು ಮುಚ್ಚಿಯೇ ಕುದುರೆ ಜೂಜಿನ ಮೈದಾನ ಮಾಡಿದ್ದು.

ಮರುದಿನ ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಒಂದು ತಮಾಷೆ ನಡೆಯಿತು. ಕ್ಯಾರೆಟ್ ಮಾರುತ್ತಿದ್ದ ಒಬ್ಬ ಅಜ್ಜಿ, ಬಿಳಿ ಸೀರೆ ಬಿಳಿ ಮುಸುಕು, ಪಕ್ಕದವಳ ಜೊತೆ ಮಾತಾಡುತ್ತಿದ್ದರು. ಅಮ್ಮ ಗಕ್ಕನೆ ನಿಂತರು. "ಇದೇನೋ, ಕನ್ನಡ ಆಡ್ತಾ ಇದ್ದಾರಲ್ಲ!" ಅವರು ಬಡಗರು. ಬಡಗ ಅಂದರೆ ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯಿಂದ, ಕೆಲವು ಶತಮಾನಗಳ ಹಿಂದೆ ಬೆಟ್ಟ ಹತ್ತಿದವರು ಎಂದು ಅವರದೇ ಹೇಳಿಕೆ. ನುಡಿ ಕನ್ನಡದ ಹತ್ತಿರದ ನಂಟು. ತಮಿಳಿನ ಪಾಲು ನಮ್ಮಲ್ಲಿ ಹಾಲಾಯಿತಲ್ಲ, ಅವರಲ್ಲೂ ಹಾಲೇ. ಊರಿಗೆ ಹಟ್ಟಿ ಎನ್ನುತ್ತಾರೆ. ಅವರ ಕುಲದೇವತೆ ಹೆತ್ತೆ, ಅವಳಿಗೆ ಪ್ರತಿವರ್ಷ ಹಬ್ಬ. ನೀಲಗಿರಿಯ ಅತಿ ಎತ್ತರದ ಶಿಖರ, 2,637 ಮೀಟರಿನದು, ದೊಡ್ಡಬೆಟ್ಟ. ಇದಕ್ಕೆ ನಿಘಂಟು ಬೇಕೆ? ಪಕ್ಕದ ಕೋಟಗಿರಿ ಮೂಲದಲ್ಲಿ ಕೋತರ ಕೇರಿ. ಅಮ್ಮನೂ ಆ ಅಜ್ಜಿಯೂ ಹತ್ತು ನಿಮಿಷ ಮಾತಾಡಿದರು. ಅಮ್ಮನಿಗೆ ಅರ್ಧ ಅರ್ಥವಾಯಿತು, ಉಳಿದರ್ಧಕ್ಕೆ ತಲೆದೂಗಿದರು. ಕ್ಯಾರೆಟ್ಟಿಗೆ ಚೌಕಾಸಿ ಮಾತ್ರ ಪೂರ್ತಿ ಅರ್ಥವಾಯಿತು. 1956ರಲ್ಲಿ ರಾಜ್ಯಗಳು ವಿಂಗಡವಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನೀಲಗಿರಿ ಮದ್ರಾಸಿನಲ್ಲೇ ಉಳಿಯಿತು. ಮೈಸೂರು ಅರಸರ ಫರ್ನ್‌ಹಿಲ್ ಅರಮನೆ ಊಟಿಯಲ್ಲಿದೆ, ಅದೂ ಆಮೇಲೆ ಹೋಟೆಲಾಯಿತು.

ಪುಟ್ಟ ರೈಲಿನಲ್ಲಿ ಕೂನೂರಿಗೆ ಇಳಿದೆವು. ಮೆಟ್ಟುಪಾಳಯದಿಂದ ಕೂನೂರಿಗೆ ಈ ರೈಲು ಬಂದದ್ದು 1899ರಲ್ಲಿ, ಊಟಿ ಮುಟ್ಟಿದ್ದು 1908ರಲ್ಲಿ. ಕೂನೂರಿನ ಕೆಳಗೆ ಏರು ಎಷ್ಟು ಕಡಿದೆಂದರೆ ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿಕೊಂಡೇ ಎಂಜಿನ್ ಹತ್ತಬೇಕು. ಮಗಳು ಕಿಟಕಿ ಬಿಟ್ಟು ಕದಲಲಿಲ್ಲ. ನಮಗೆ ಕೂನೂರು ಬೇರೆ ಕಾರಣಕ್ಕೆ ಪ್ರಿಯ. ನಾವು ಹೌಸ್ ಸರ್ಜನ್ ಆಗಿದ್ದಾಗಲೂ ಹುಚ್ಚುನಾಯಿ ಕಡಿದವರಿಗೆ ಹೊಟ್ಟೆಯ ಸುತ್ತ ಚುಚ್ಚುತ್ತಿದ್ದೆವು. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆಯನ್ನು ಸೆಂಪಲ್ ಎಂಬ ವೈದ್ಯ 1911ರಲ್ಲಿ ರೂಪಿಸಿದ್ದು ಹಿಮಾಲಯದ ಬುಡದ ಕಸೌಲಿಯಲ್ಲಿ. ಅದಕ್ಕೂ ಮುಂಚೆ, 1900ರ ಸುಮಾರಿನಲ್ಲಿ, ದಕ್ಷಿಣದವರನ್ನು ನಾಯಿ ಕಚ್ಚಿದರೆ ಚಿಕಿತ್ಸೆಗೆ ಕಸೌಲಿಗೇ ಓಡಬೇಕಿತ್ತು. ದಾರಿಯಲ್ಲೇ ದಿನಗಳು ಕಳೆಯುತ್ತಿದ್ದವು. ಆ ಕಷ್ಟ ನೋಡಿಯೇ ಕೂನೂರಿನಲ್ಲಿ 1907ರಲ್ಲಿ ಪ್ಯಾಸ್ಟರ್ ಇನ್‌ಸ್ಟಿಟ್ಯೂಟ್ ತೆರೆದರು. ಅದಕ್ಕೆ ದುಡ್ಡು ಎಲ್ಲಿಯದು? ಪಿಟ್ಸ್‌ಬರ್ಗಿನ ಉಕ್ಕಿನ ಸಾಹುಕಾರ, ಕಾರ್ನೆಗಿಯ ಪಾಲುದಾರ ಹೆನ್ರಿ ಫಿಪ್ಸ್ ವೈಸರಾಯ್ ಕರ್ಜನ್‌ಗೆ ಕೊಟ್ಟ ದೇಣಿಗೆಯ ಒಂದು ಭಾಗ. ಅಮೆರಿಕದ ದುಡ್ಡು ನಮ್ಮ ಊರ ಕಡೆಯ ನಾಯಿಕಡಿತಕ್ಕೆ ಮದ್ದಾಯಿತು ಎಂದಾಗ ಮಗಳಿಗೆ ಹೆಮ್ಮೆ. ಮೆಕ್‌ಕ್ಯಾರಿಸನ್ ಎಂಬ ವೈದ್ಯ ಇದೇ ಕೂನೂರಿನಲ್ಲಿ 1918ರಲ್ಲಿ ಬೆರಿಬೆರಿ ಬಗ್ಗೆ ಶುರುಮಾಡಿದ ಸಣ್ಣ ಪ್ರಯೋಗಾಲಯವೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಯಿತು, ಈಗಿನ ರಾಷ್ಟ್ರೀಯ ಪೋಷಣ ಸಂಸ್ಥೆ ಅದು.

ಆದರೆ ಜ್ವರದ ಕತೆಗೆ ಬರೋಣ. ಮದ್ರಾಸ್ ಸರ್ಕಾರ 1870ರಿಂದ ಬೇಸಿಗೆಯಲ್ಲಿ ಊಟಿಯಿಂದಲೇ ಆಳತೊಡಗಿತ್ತು. ಫೈಲು, ಗುಮಾಸ್ತೆ, ನಾಯಿ, ಪಿಯಾನೋ ಎಲ್ಲ ಬೆಟ್ಟ ಹತ್ತುತ್ತಿದ್ದವು. ಕೆಳಗೆ ಜ್ವರ ಇದ್ದೇ ಇತ್ತು. ಅದಕ್ಕೆ ಗೊತ್ತಿದ್ದ ಮದ್ದು ಒಂದೇ, ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯಲ್ಲಿರುವ ಕ್ವಿನೈನ್. ಕ್ಲೆಮೆಂಟ್ಸ್ ಮಾರ್ಕಂ ಎಂಬಾತ 1860ರಲ್ಲಿ ಪೆರುವಿನಿಂದ ಸಸಿಗಳನ್ನು ಸಾಗಿಸಿದ. ದಾರಿಯಲ್ಲೇ ಅನೇಕ ಸತ್ತವು. ಬೀಜದಿಂದ ಮತ್ತೆ ಬೆಳೆಸಿದವನು ಊಟಿಯ ಸಸ್ಯೋದ್ಯಾನದ ಮೆಕೈವರ್. ದೊಡ್ಡಬೆಟ್ಟದಲ್ಲೂ ನಡುವಟ್ಟದಲ್ಲೂ ತೋಟ ಎದ್ದವು. ತೊಗಟೆಯನ್ನು ಪಟ್ಟಿಯಾಗಿ ಸುಲಿದು, ಗಾಯಕ್ಕೆ ಹಾವಸೆ ಕಟ್ಟಿದರೆ ಮತ್ತೆ ತೊಗಟೆ ಬರುತ್ತದೆ ಎಂದು ಕಂಡುಹಿಡಿದದ್ದೂ ಅವನೇ. ಡ್ರೆಸ್ಸಿಂಗ್ ಮಾಡಿ ಮರ ಉಳಿಸಿದ ಸರ್ಜನ್ ಅನ್ನಿ. ನಡುವಟ್ಟದಲ್ಲಿ ದುಡಿದವರಲ್ಲಿ ಮಲಯಾ ಕಡೆಯಿಂದ ಗಡೀಪಾರಾಗಿ ಮದ್ರಾಸಿಗೆ ಬಂದಿದ್ದ ಚೀನೀ ಕೈದಿಗಳೂ ಇದ್ದರು.

ಗಮ್ಮತ್ತು ನೋಡಿ. ಆ ದಿನಗಳಲ್ಲಿ ಯೂಕಲಿಪ್ಟಸ್ಸಿಗೂ ಜ್ವರದ ಮರ ಎಂಬ ಹೆಸರಿತ್ತು. ಅದರ ವಾಸನೆ ಕೆಟ್ಟ ಗಾಳಿಯನ್ನು ಓಡಿಸುತ್ತದೆಂದು ಇಟಲಿಯಲ್ಲೂ ಕ್ಯಾಲಿಫೋರ್ನಿಯಾದಲ್ಲೂ ನೆಟ್ಟರು. ನೀಲಗಿರಿಯಲ್ಲಿ ಎರಡು ಜ್ವರದ ಮರಗಳು ಅಕ್ಕಪಕ್ಕ ಬೆಳೆದವು. ನಿಜವಾದದ್ದನ್ನು ಜನ ಮರೆತರು, ಸುಳ್ಳಿನದಕ್ಕೆ ಬೆಟ್ಟದ ಹೆಸರೇ ಸಿಕ್ಕಿತು. ಈ ಮರ ಎಣ್ಣೆ ತುಂಬಿದ್ದು, ಬೆಂಕಿಗೆ ತುಪ್ಪ ಇದ್ದ ಹಾಗೆ. 1991ರ ಅಕ್ಟೋಬರಿನಲ್ಲಿ ಓಕ್‌ಲ್ಯಾಂಡ್ ಗುಡ್ಡಗಳಿಗೆ ಬೆಂಕಿ ಬಿದ್ದು 25 ಜನ ಸತ್ತಾಗ ಇದರ ಮೇಲೂ ದೂರು ಬಂತು. ನಮ್ಮ ಕೊಲ್ಲಿ ಪ್ರದೇಶದ ಹಳಬರಿಗೆ ಆ ಹೊಗೆ ನೆನಪಿರಬಹುದು.

ಕೊನೆಗೆ ನಿಜ ಹೊರಬಂದದ್ದೂ ಇದೇ ದಾರಿಯಲ್ಲಿ. ರೊನಾಲ್ಡ್ ರಾಸ್ ಹುಟ್ಟಿದ್ದು 1857ರಲ್ಲಿ, ಹಿಮಾಲಯದ ಅಲ್ಮೋರಾದಲ್ಲಿ. 1883ರಲ್ಲಿ ಬೆಂಗಳೂರಿನಲ್ಲಿದ್ದಾಗ ತನ್ನ ಬಂಗಲೆಯ ಹೊರಗಿನ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿ ಕಂಡು, ತೊಟ್ಟಿ ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುವುದನ್ನು ಗಮನಿಸಿದ. 1895ರಲ್ಲಿ ಕಾಲರಾ ಕೆಲಸಕ್ಕೆ ಮತ್ತೆ ಬೆಂಗಳೂರಿಗೆ ಬಂದ. 1897ರ ಬೇಸಿಗೆಯಲ್ಲಿ ರಜೆ ಹಾಕಿ ಊಟಿಗೆ ಬಂದವನು ಆರಾಮವಾಗಿ ಕೂರದೆ, ಮಸಿನಗುಡಿ ಕಡೆಯ ಸಿಗೂರು ಘಾಟ್ ಇಳಿದು ಜ್ವರ ಹುಡುಕಿಕೊಂಡು ಹೋದ. ಬೆಟ್ಟದ ನಡುವಿನ ಕಲ್ಹಟ್ಟಿಯಲ್ಲಿ ತಂಗಿ ತಾನೇ ಮಲೇರಿಯಾ ಹಿಡಿಸಿಕೊಂಡ! ಅದೇ ವರ್ಷ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಪರೋಪಜೀವಿಯನ್ನು ಕಂಡ. 1902ರಲ್ಲಿ ನೊಬೆಲ್. ಕಲ್ಹಟ್ಟಿ ದಾರಿಯಲ್ಲಿ ಹೋಗಬೇಕೆಂದು ನಮಗೆ ಬಹಳ ಆಸೆಯಿತ್ತು. ಡ್ರೈವರ್ ಸುತರಾಂ ಒಪ್ಪಲಿಲ್ಲ. ಮೂವತ್ತಾರು ತಿರುವಿನ ಆ ಇಳಿಜಾರಿನಲ್ಲಿ ಹೊರಗಿನ ಗಾಡಿಗಳನ್ನು ಬಿಡುವುದಿಲ್ಲವೆಂದು ಹೇಳಿ ಗೂಡಲೂರು ಕಡೆಗೇ ತಿರುಗಿಸಿದ. ಹೋಗುವ ಸ್ನೇಹಿತರಿಗೆ ಎರಡು ಮಾತು: ನೀಲಗಿರಿಗೆ ಗಾಡಿಯಲ್ಲಿ ಹೋಗಲು 2024ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಇ-ಪಾಸ್ ಜಾರಿಗೆ ಬಂತು, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರವಿಲ್ಲ, ಕಾಡುಪ್ರಾಣಿಗಳಿಗಾಗಿ 2009ರಿಂದ ಬಂದ ನಿಯಮ ಅದು. ಕತ್ತಲಾಗುವ ಮುಂಚೆ ಇಳಿಯಿರಿ.

ಇಳಿಯುವಾಗ ನಡುವಟ್ಟದಲ್ಲಿ ಚಹಾಕ್ಕೆ ನಿಂತೆವು. ಸಿಂಕೋನಾ ತೋಟಗಳ ಜಾಗದಲ್ಲಿ ಈಗ ಬಹುಪಾಲು ಚಹಾ. ಜಾವಾದ ಡಚ್ಚರು ಹೆಚ್ಚು ಕ್ವಿನೈನ್ ಇರುವ ತಳಿ ಬೆಳೆಸಿ ಮಾರುಕಟ್ಟೆ ಹಿಡಿದರು, ಆಮೇಲೆ ಕೃತಕ ಔಷಧಿಗಳು ಬಂದವು. ಅಲ್ಲಿ ಅಮ್ಮ ಇದ್ದಕ್ಕಿದ್ದಂತೆ ಹಳೆಯ ಮಾತು ತೆಗೆದರು. ಅವರ ತವರು ಶ್ರೀರಂಗಪಟ್ಟಣದ ಆಚೆ, ನಾಲೆ ಬಯಲಿನ ಹಳ್ಳಿ. ಕನ್ನಂಬಾಡಿ ನೀರು ಬಂದ ಮೇಲೆ ಭತ್ತವೂ ಬಂತು, ಸೊಳ್ಳೆಯೂ ಬಂತು. ಅಮ್ಮನಿಗೆ ಆರೇಳು ವರ್ಷವಿದ್ದಾಗ ಅವರಿಗೂ ಅವರ ಅಣ್ಣನಿಗೂ ಒಟ್ಟಿಗೆ ಚಳಿಜ್ವರ. ಅಜ್ಜಿ ಕ್ವಿನೈನನ್ನು ಬೆಲ್ಲದಲ್ಲಿ ಮುಚ್ಚಿ ಕೊಡುತ್ತಿದ್ದರಂತೆ. ಪೊಟ್ಟಣ ಮುಗಿದ ಮೇಲೆ ಇನ್ನೊಂದು ತರಲು ಅಜ್ಜ ಎರಡು ದಿನ ಅಲೆದರು. ಅಣ್ಣ ಉಳಿಯಲಿಲ್ಲ. ಒಂಬತ್ತು ವರ್ಷವಾಗಿತ್ತು. ಅಮ್ಮ ಈ ಮಾತನ್ನು ನಮಗೆ ಹಿಂದೆಂದೂ ಪೂರ್ತಿ ಹೇಳಿರಲಿಲ್ಲ. ನಮಗೆ ಒಬ್ಬ ಸೋದರಮಾವ ಇದ್ದ ಎನ್ನುವುದಷ್ಟೇ ಗೊತ್ತಿತ್ತು. ಮದ್ದಿನ ಮರ ಮೇಲೆ ಬೆಳೆಯತೊಡಗಿ ಎಂಬತ್ತು ವರ್ಷಕ್ಕೂ ಮೇಲಾಗಿತ್ತು ಆಗ.

ಚಹಾ ಅಂಗಡಿಯವನಿಗೆ ಸಿಂಕೋನಾ ಗೊತ್ತಿತ್ತು. ರಸ್ತೆಯ ಕೆಳಗೆ ಉಳಿದಿದ್ದ ಒಂದೆರಡು ಮರ ತೋರಿಸಿದ. ಮಗಳು ಅಜ್ಜಿಯ ಕೈ ಹಿಡಿದು ಇಳಿಸಿದಳು. ಒಣಗಿ ಎದ್ದಿದ್ದ ತೊಗಟೆಯ ಒಂದು ಚೂರನ್ನು ಅಮ್ಮ ಮುರಿದು, ನಾವು ಬೇಡ ಎನ್ನುವಷ್ಟರಲ್ಲಿ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಅಗಿದರು.

"ಅದೇ," ಎಂದರು. ಉಗಿದು, ಬಾಯಿ ಮುಕ್ಕಳಿಸಲು ನೀರು ಕೇಳಿದರು.